ಕಲಾವತಿ ಬದಲಿಸಿದ ಪಾಸ್‌ವರ್ಡ್

ಸೋದರಮಾವಂದಿರ ಹೆಸರು ಚಿಕ್ಕಪ್ಪಂದಿರ ಮೇಲೆ ಬರಬೇಕೋ ಕೆಳಗೋ ಎಂದು ಕಲಾವತಿ ಯೋಚಿಸುತ್ತಿದ್ದಳು. ನಂದಿನಿ ಲೇಔಟಿನವರ ಗೃಹಪ್ರವೇಶದ ಕಾರ್ಡು ಅದು. ಹೆಸರು ಹಿಂದುಮುಂದಾದರೆ ಅಚ್ಚಾದ ಕಾರ್ಡೂ ವಾಪಸ್ಸು ಬರುವುದನ್ನು ಹತ್ತೊಂಬತ್ತು ವರ್ಷದಿಂದ ಕಂಡವಳು. ಚಿಕ್ಕಪ್ಪಂದಿರನ್ನು ಮೇಲಕ್ಕೆ ಎಳೆಯುತ್ತಿದ್ದಾಗ ಪಕ್ಕದ ಮೇಜಿನಿಂದ ಉಮಾಶ್ರೀ ಕರೆದಳು.

“ಅಕ್ಕಾರ, ಫೋಲ್ಡರ್ ಓಪನ್ ಆಗವಲ್ದು ನೋಡ್ರಿ. ಪಾಸ್‌ವರ್ಡ್ ಕೇಳಾಕತ್ತೈತಿ.”

“ಇದ್ದಿದ್ದನ್ನೇ ಹಾಕು.”

“ಹಾಕಿದೆ. ತಪ್ಪು ಅನ್ನಾಕತ್ತೈತಿ.”

ಕಲಾವತಿಯ ಕೈ ಮೌಸಿನ ಮೇಲೆಯೇ ನಿಂತಿತು.

ರಾಜಾಜಿನಗರದ ಆ ಪ್ರೆಸ್ಸಿನಲ್ಲಿ ಇದ್ದದ್ದು ಮೂರು ಕಂಪ್ಯೂಟರು. ಮಹಡಿಯಲ್ಲಿ ಇವರಿಬ್ಬರದು, ಕೆಳಗೆ ಕೌಂಟರಿನಲ್ಲಿ ಮಾಲೀಕ ಪದ್ಮನಾಭನದು. ಕಾರ್ಡುಗಳನ್ನೆಲ್ಲ ಇಟ್ಟಿದ್ದ ಫೋಲ್ಡರು ಕಲಾವತಿಯ ಕಂಪ್ಯೂಟರಿನಲ್ಲಿತ್ತು. ಉಳಿದಿಬ್ಬರೂ ತಮ್ಮ ತಮ್ಮ ಜಾಗದಿಂದಲೇ ಅದನ್ನು ತೆರೆದುಕೊಳ್ಳುತ್ತಿದ್ದರು. ಬೆಳಗ್ಗೆ ಅವಳು ಬಂದು ಸ್ವಿಚ್ ಹಾಕದೆ ಯಾರ ಕೆಲಸವೂ ಶುರುವಾಗುತ್ತಿರಲಿಲ್ಲ. ಅದೊಂದು ಹೆಮ್ಮೆ, ಯಾರಿಗೂ ಹೇಳಿಕೊಂಡಿದ್ದಲ್ಲ.

ಹೋದ ವಾರ ನಾದಿನಿಯ ಮಗಳ ಸೀಮಂತಕ್ಕೆಂದು ಮೂರು ದಿನ ರಜೆ ಹಾಕಿದ್ದಳು. ನಿನ್ನೆ ಬಂದು ನೋಡಿದರೆ ಅವಳ ಕುರ್ಚಿಯನ್ನು ಯಾರೋ ಎತ್ತರಿಸಿದ್ದರು, ಕೀಬೋರ್ಡಿನ ಪಕ್ಕದಲ್ಲಿ ಅರ್ಧ ತಿಂದ ಕಡಲೆ ಚಿಕ್ಕಿಯ ಕಾಗದ. “ನೀವಿಲ್ಲ ಅಂತ ಗೊತ್ತೇ ಆಗ್ಲಿಲ್ಲ ಕಲಾವತಿ, ಎಲ್ಲಾ ಉಮಾನೇ ನೋಡ್ಕೊಂಡ್ಳು,” ಎಂದು ಪದ್ಮನಾಭ ನಗುತ್ತಾ ಹೇಳಿದ. ಒಳ್ಳೆಯ ಮಾತೆಂದೇ ಹೇಳಿದ್ದು. ಎಂಟು ತಿಂಗಳ ಹಿಂದೆ ಬಾಗಲಕೋಟೆ ಕಡೆಯಿಂದ ಬಂದವಳು ಉಮಾಶ್ರೀ. ನಿನ್ನೆ ಸಂಜೆ ಎಲ್ಲರೂ ಹೋದ ಮೇಲೆ ಕಲಾವತಿ ತನ್ನ ಕಂಪ್ಯೂಟರಿನ ಪಾಸ್‌ವರ್ಡ್ ಬದಲಿಸಿದಳು. ಇನ್ನೊಬ್ಬರು ತನ್ನ ಜಾಗದಲ್ಲಿ ಕೂರಬಾರದು, ಅಷ್ಟೇ ಅವಳಿಗೆ ಬೇಕಿದ್ದದ್ದು. ಫೋಲ್ಡರಿಗೂ ಅದೇ ಬೀಗ ಎಂದು ಅವಳಿಗೆ ಗೊತ್ತಿರಲಿಲ್ಲ.

ಈಗ ಗೊತ್ತಾಯಿತು. ಆದರೂ ಮತ್ತೆ ಸೋದರಮಾವಂದಿರ ಸಾಲನ್ನು ಸರಿಮಾಡತೊಡಗಿದಳು.

ಉಮಾಶ್ರೀ ಮೇಜಿನ ಕೆಳಗೆ ನುಸುಳಿ ವೈರು ಕಿತ್ತು ಮತ್ತೆ ಸಿಕ್ಕಿಸಿದಳು. ಗೋಡೆಯ ಮೇಲಿನ ನೆಟ್‌ವರ್ಕ್ ಡಬ್ಬಿಯ ದೀಪಗಳನ್ನು ನೋಡಿದಳು. ಕಂಪ್ಯೂಟರ್ ಆರಿಸಿ ಹಚ್ಚಿದಳು. ಅಷ್ಟರಲ್ಲಿ ಪದ್ಮನಾಭ ಮೆಟ್ಟಿಲು ಹತ್ತಿ ಬಂದ, ಕಿವಿಯಲ್ಲಿ ಫೋನು.

“ನಂದೂ ಓಪನ್ ಆಗ್ತಿಲ್ಲ. ಹನ್ನೆರಡಕ್ಕೆ ಸುಂಕದಕಟ್ಟೆ ಬೈರಪ್ಪ ಬರ್ತಾರೆ, ಮಗಳ ಮದುವೆ ಕಾರ್ಡು ತೋರಿಸ್ಬೇಕು. ಇವತ್ತು ತೋರಿಸ್ದೆ ಇದ್ರೆ ಮುಂದಿನ ರೋಡಿನ ಪ್ರೆಸ್ಸಿಗೆ ಹೋಗ್ತಾರಂತೆ.”

ಆ ಕಾರ್ಡು ಮಾಡಿದ್ದು ಉಮಾಶ್ರೀ. ಅವಳ ಹೊಸ ಸಾಫ್ಟ್‌ವೇರಿನಲ್ಲಿ ಮಾಡಿದ್ದು ಕಲಾವತಿಯ ಹಳೆಯದರಲ್ಲಿ ತೆರೆಯುತ್ತಿರಲಿಲ್ಲ. ಒಮ್ಮೆ ವೈರಸ್ ಬಂದಾಗಿನಿಂದ ಪೆನ್‌ಡ್ರೈವನ್ನು ಪದ್ಮನಾಭ ಮಹಡಿ ಹತ್ತಲೂ ಬಿಡುತ್ತಿರಲಿಲ್ಲ.

ಫೋನಿನಲ್ಲಿದ್ದವನು ಕಂಪ್ಯೂಟರ್ ರಿಪೇರಿಯ ಜೀವನ್. ಅವನು ಕೇಳಿದ್ದನ್ನು ಪದ್ಮನಾಭ ಹಾಗೆಯೇ ಕೇಳಿದ: “ಯಾರಾದ್ರೂ ಪಾಸ್‌ವರ್ಡ್ ಚೇಂಜ್ ಮಾಡಿದ್ರಾ ಅಂತಾನೆ. ಮಾಡಿದ್ರಾ ಕಲಾವತಿ?”

“ಇಲ್ಲ ಸಾರ್,” ಎಂದಳು. ಅಷ್ಟು ಸಲೀಸಾಗಿ ಸುಳ್ಳು ಬಂದದ್ದಕ್ಕೆ ಅವಳಿಗೇ ಆಶ್ಚರ್ಯವಾಯಿತು. ಕೆಳಗೆ ಬೈರಪ್ಪ ಕಾದು ಕಾದು ಎದ್ದುಹೋಗುವುದನ್ನೂ, ಉಮಾಶ್ರೀ ಮುಖ ಸಣ್ಣದು ಮಾಡಿಕೊಂಡು ನಿಲ್ಲುವುದನ್ನೂ ಒಂದು ಗಳಿಗೆ ಕಣ್ಣ ಮುಂದೆ ತಂದುಕೊಂಡಳು. ಹಿತವಾಗಿತ್ತು.

ಉಮಾಶ್ರೀ ಅವಳನ್ನೇ ನೋಡುತ್ತಿದ್ದಳು. ಆಮೇಲೆ ಪದ್ಮನಾಭನ ಕಡೆ ತಿರುಗಿದಳು.

“ವೈರ್ ಸಡಿಲ ಆಗಿರ್ಬೇಕ್ರಿ ಸರ. ನೀವು ಕೆಳಗ ನಡೀರಿ, ಹತ್ತು ನಿಮಿಷ ಕೊಡ್ರಿ.”

ಅವನು ಇಳಿದುಹೋದ. ಉಮಾಶ್ರೀ ತನ್ನ ಕುರ್ಚಿ ಬಿಟ್ಟು ಎದ್ದು ನಿಂತಳು.

“ಅಕ್ಕಾರ, ಇಲ್ಲೆ ಬಂದು ಪಾಸ್‌ವರ್ಡ್ ಒಮ್ಮೆ ನೀವ ಹೊಡೀರಿ. ಆಮ್ಯಾಲೆ ಇದು ನೆನಪಿಟ್ಕೊಂತೈತಿ, ಮತ್ತ ಕೇಳಂಗಿಲ್ಲ. ನಾ ಅತ್ಲಾಗ ನೋಡ್ತೀನಿ.”

ನಿಜವಾಗಿಯೂ ಕಿಟಕಿಯ ಕಡೆ ಮುಖ ಮಾಡಿ ನಿಂತಳು. ಜಡೆ ಬೆನ್ನ ಮೇಲೆ ನೇರವಾಗಿತ್ತು. ಎಲ್ಲ ತಿಳಿದೂ ಒಂದು ಮಾತೂ ಆಡದ ಆ ಬೆನ್ನನ್ನು ನೋಡಿ ಕಲಾವತಿಯ ಹೊಟ್ಟೆ ಉರಿಯಿತು. ಹೋಗಿ ಚಾಡಿ ಹೇಳಿದ್ದರೆ, ಜಗಳಕ್ಕೆ ಬಂದಿದ್ದರೆ, ಇವಳೂ ಇಷ್ಟೇ ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಇಪ್ಪತ್ತಾರು ವರ್ಷದವಳಿಗೆ ಇಷ್ಟು ದೊಡ್ಡತನ ಎಲ್ಲಿಂದ ಬಂತು? ತನಗೆ ಈ ವಯಸ್ಸಿನಲ್ಲೂ ಬರಲಿಲ್ಲವಲ್ಲ.

ಬಗ್ಗಿ ನಿಂತು ಹೊಡೆದಳು. ಮೊದಲ ಸಲ ತಪ್ಪಾಯಿತು. ಎರಡನೆಯ ಸಲಕ್ಕೆ ಫೋಲ್ಡರು ತೆರೆಯಿತು.

“ಆತೇನ್ರಿ?”

“ಆಯ್ತು.”

ಪ್ರಿಂಟು ತೆಗೆದುಕೊಂಡು ಇಬ್ಬರೂ ಕೆಳಗಿಳಿದು, ವೈರು ನೋಡುವ ನೆಪದಲ್ಲಿ ಕೌಂಟರಿನ ಕಂಪ್ಯೂಟರಿಗೂ ಹಾಗೆಯೇ ಹಾಕುವಷ್ಟರಲ್ಲಿ ಬೈರಪ್ಪ ಬಂದು ಕೂತಿದ್ದರು. ಅವರ ಇಬ್ಬರು ಗಂಡುಮಕ್ಕಳ ಮದುವೆ ಕಾರ್ಡನ್ನೂ ಮಾಡಿಕೊಟ್ಟವಳು ಕಲಾವತಿ. ಹಗುರವಾದ ಬಳ್ಳಿ, ನಡುವೆ ಬೇಕಾದಷ್ಟು ಬಿಳಿ ಜಾಗ ಇದ್ದ ಈ ಕಾರ್ಡನ್ನು ಅವರು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು.

“ಯಾರಮ್ಮ ಮಾಡಿದ್ದು, ನೀನಾ? ಪರ್ವಾಗಿಲ್ವೆ, ದೇವ್ರ ಪಟ ಇದ್ದಂಗೈತೆ.” ಕಲಾವತಿಯ ಕಡೆ ತಿರುಗಿದರು. “ಬೇಜಾರ್ ಮಾಡ್ಕಬೇಡ ಕಲಾವತಮ್ಮ. ನೀನ್ ಮಾಡಿದ್ದೂ ಚೆನ್ನಾಗೇ ಇತ್ತು. ನಮ್ ಹುಡ್ಗಿ ಹಳೇದು ಬ್ಯಾಡ ಅಂತ ಕುಂತವ್ಳೆ.”

“ಬೇಜಾರ್ಯಾಕೆ ಬೈರಪ್ಪೋರೆ, ಒಳ್ಳೇದಾಗ್ಲಿ,” ಎಂದು ಕಲಾವತಿ ನಕ್ಕಳು.

ಮಧ್ಯಾಹ್ನ ಡಬ್ಬಿ ತೊಳೆದುಕೊಂಡು ಬರುವಾಗ ಉಮಾಶ್ರೀ ಕೇಳಿದಳು: “ಅಕ್ಕಾರ, ಹೊಸಾ ಸಾಫ್ಟ್‌ವೇರ್ ನಿಮಗ ಕಲಿಸ್ಲೇನ್ರಿ? ನಿಮಗ ಅಕ್ಷರದ ಹದ ಗೊತ್ತೈತಿ, ಒಂದ್ ವಾರದಾಗ ನನ್ನ ಮೀರಿಸ್ತೀರಿ.”

“ಬೇಡ ಕಣೇ, ಕಣ್ಣು ನೋಯುತ್ತೆ.”

ಸಂಜೆ ಬಸ್ಸು ಮಾಗಡಿ ರಸ್ತೆಯಲ್ಲಿ ತೆವಳುತ್ತಿತ್ತು. ತಾನು ಇಳಿಯಬೇಕಾದ ಸುಂಕದಕಟ್ಟೆಗೆ ಎರಡು ಸ್ಟಾಪು ಮೊದಲು, ಬೇಕರಿಯ ಮೇಲಿನ ಮಹಡಿಯಲ್ಲಿ ಕಂಪ್ಯೂಟರ್ ಕ್ಲಾಸಿನ ಬೋರ್ಡು ಕಂಡಿತು. ದಿನಾ ಕಾಣುತ್ತಿದ್ದದ್ದೇ. ಇಳಿದಳು. ಮೇಲೆ ಹತ್ತಿ, ಬೆಳಗ್ಗೆ ಆರೂವರೆಯ ಬ್ಯಾಚಿನಲ್ಲಿ ಜಾಗ ಇದೆಯಾ ಎಂದು ವಿಚಾರಿಸಿದಳು. ಇತ್ತು. ಮನೆಯವರಿಗೆ ವಾಕಿಂಗ್ ಎಂದರಾಯಿತು. ಯಾರಿಂದ ಬೇಕಾದರೂ ಕಲಿಯಬಹುದು, ಆ ಹುಡುಗಿಯಿಂದ ಮಾತ್ರ ಅಲ್ಲ.

ಮನೆಗೆ ಬಂದಾಗ ಗಂಡ ಕೇಳಿದ, “ಯಾಕೆ ಇಷ್ಟೊತ್ತು?”

“ಟ್ರಾಫಿಕ್ಕು,” ಎಂದು ಚಪ್ಪಲಿ ಬಿಟ್ಟು ಒಳಗೆ ಹೋದಳು.