ಹಸಿರು ಕಿಲುಬು

ಅಣ್ಣನ ಜೀವಮಾನದ ಹಟವೆಲ್ಲ ಒಂದು ತಾಮ್ರದ ನಾಣ್ಯದ ಮೇಲೆ ನಿಂತಿತ್ತು. ತಂದೆ ಸುಲ್ತಾನ ಸತ್ತ ಮೇಲೆ ಆರೇ ತಿಂಗಳು ಪಟ್ಟದಲ್ಲಿದ್ದ ಎಳೆಯ ಸುಲ್ತಾನನೊಬ್ಬ ತನ್ನ ಹೆಸರಲ್ಲೂ ನಾಣ್ಯ ಹೊಡೆಸಿದ್ದ ಎಂದು ಅವನ ವಾದ. ನಾಣ್ಯ ಸಂಗ್ರಹಿಸುವವರ ಸಂಘ ಮೂವತ್ತು ವರ್ಷ ನಕ್ಕಿತು. ಕೊನೆಗೆ ಗುಜರಿ ಅಂಗಡಿಯಲ್ಲಿ ಸಿಕ್ಕ ಈ ನಾಣ್ಯದಲ್ಲಿ ಹೆಸರಿನ ಬಾಲ ಮಾತ್ರ ಕಾಣುತ್ತಿತ್ತು. ಅದು ಅಪ್ಪನದೂ ಆಗಬಹುದು, ಮಗನದೂ ಆಗಬಹುದು. ತೀರ್ಪು ಹೇಳಬೇಕಾದ ಇಸವಿ ಹಸಿರು ಕಿಲುಬಿನಡಿ ಹೂತಿತ್ತು.

ಅಣ್ಣ ಅದನ್ನು ಬ್ಯಾಟರಿಗೆ ಹಾಕುವ, ಬಟ್ಟಿ ಇಳಿಸಿದ ನೀರಲ್ಲಿ ನೆನೆಹಾಕಿ, ದಿನಾ ನೀರು ಬದಲಿಸುತ್ತಿದ್ದ. ತಿಂಗಳುಗಟ್ಟಲೆ ಹಿಡಿಯುವ ಕೆಲಸ. ಅಷ್ಟರಲ್ಲಿ ಅವನೇ ಆಸ್ಪತ್ರೆ ಸೇರಿದ. ಡಾಕ್ಟರು ತಮ್ಮನನ್ನು ಪಕ್ಕಕ್ಕೆ ಕರೆದು, "ಹೆಚ್ಚಂದ್ರೆ ಒಂದು ವಾರ" ಎಂದರು.

"ಇಸವಿ ಗೊತ್ತಾದ್ರೆ ಸಾಕು ಕಣೋ, ನಿಶ್ಚಿಂತೆಯಾಗಿ ಹೋಗ್ತೀನಿ," ಎಂದ ಅಣ್ಣ. "ಆದ್ರೆ ನೀನು ಅವಸರ ಮಾಡ್ಬೇಡ."

ಸಾಯುವವನೇ ಅವಸರ ಬೇಡ ಅಂದರೆ ಕೇಳುವವರು ಯಾರು? ತಮ್ಮ ಗಡಿಯಾರ ರಿಪೇರಿಯವನು. ಗಡಿಯಾರದಲ್ಲಿ ತುಕ್ಕು ತೆಗೆದರೆ ಕೆಳಗೆ ಗಟ್ಟಿ ಲೋಹ ಸಿಗುತ್ತದೆ, ಇಲ್ಲೂ ಹಾಗೇ ಎಂದುಕೊಂಡು, ಬಟ್ಟಲಿಗೆ ನಿಂಬೆರಸ ಹಿಂಡಿ ನಾಣ್ಯ ಮುಳುಗಿಸಿದ. ಆತುರಗಾರನಿಗೆ ಬುದ್ಧಿ ಮಟ್ಟ. ಕಿಲುಬು ಕರಗಿತು, ಅದರ ಜೊತೆ ಅಕ್ಷರಗಳೂ ಕರಗಿದವು. ಶತಮಾನಗಟ್ಟಲೆ ಮಣ್ಣಲ್ಲಿದ್ದ ತಾಮ್ರದ ಮೈಯೆಲ್ಲ ಕಿಲುಬೇ ಆಗಿತ್ತು. ಅಕ್ಷರ ನಿಂತಿದ್ದೇ ಅದರಲ್ಲಿ. ಉಳಿದದ್ದು ಕೆಂಪಗಿನ ಬೋಳು ಬಿಲ್ಲೆ. ಕಣ್ಣಿಗೆ ಭೂತಗನ್ನಡಿ ಒತ್ತಿಕೊಂಡು ಹತ್ತು ಸಲ ನೋಡಿದ.

ಮಧ್ಯಾಹ್ನ ಆಸ್ಪತ್ರೆಗೆ ಹೋದಾಗ ಅಣ್ಣನ ಕಣ್ಣು ಮಂಜಾಗಿತ್ತು.

"ಅಣ್ಣ, ಇಸವಿ ಕಾಣ್ತು. ನೀನು ಹೇಳಿದ್ದೇ ಸರಿ. ಆ ಹುಡುಗಂದೇ ನಾಣ್ಯ."

ಸುಳ್ಳು ನೀರು ಕುಡಿದಷ್ಟು ಸಲೀಸಾಗಿ ಬಂತು. ತಮ್ಮನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಅಣ್ಣನ ಮುಖ ಅರಳಿತು. "ಕೊಡು ಇಲ್ಲಿ."

ಕೊಡದೆ ಇರುವುದು ಹೇಗೆ? ಕೊಟ್ಟ. ನಲವತ್ತು ವರ್ಷ ನಾಣ್ಯ ತಡವಿ ಪಳಗಿದ ಹೆಬ್ಬೆರಳು ಅಂಚಿನಿಂದ ಹೊರಟು ಒಂದು ಸುತ್ತು ಬಂತು. ಮಗುಚಿ ಹಾಕಿಕೊಂಡು ಇನ್ನೊಂದು ಸುತ್ತು. ಆಮೇಲೆ ನಿಂತುಹೋಯಿತು.

"ಯಾವುದ್ರಲ್ಲಿ ನೆನೆಸ್ದೆ?"

"ನಿಂಬೆರಸದಲ್ಲಿ, ಅಣ್ಣ."

ಅಣ್ಣ ನಾಣ್ಯವನ್ನು ತಮ್ಮನ ಅಂಗೈಗೆ ವಾಪಸಿಟ್ಟು ಬೆರಳು ಮಡಿಸಿದ.

"ಸಂಘದೋರು ಕೇಳಿದ್ರೆ ಇದನ್ನ ತೋರಿಸ್ಬೇಡ. ಕಳೆದುಹೋಯ್ತು ಅನ್ನು. ಅಣ್ಣನೇ ಕಳ್ಕೊಂಡ ಅನ್ನು."

ಅಷ್ಟು ಹೇಳಿ ಗೋಡೆಯ ಕಡೆ ತಿರುಗಿಕೊಂಡ. ಉಳಿದ ಮೂರು ದಿನ ಮತ್ತೆ ಮಾತಾಡಲಿಲ್ಲ.