ಓರಿನ್ ತೆಗೆಯುತ್ತಿದ್ದ ಮೂಡಣ ಬಾಗಿಲು

ಓರಿನ್ ಟ್ಯಾಕೆಟ್ ಸತ್ತು ಹನ್ನೊಂದು ದಿನ ಕಳೆಯುವಷ್ಟರಲ್ಲಿ ಅವನ ಮನೆಯಲ್ಲಿ ನಲವತ್ತಮೂರು ಪಾತ್ರೆಗಳು ಸೇರಿದ್ದವು. ಊಟದ ಮೇಜಿನ ಮೇಲೆ ಹದಿನೇಳು, ಬಟ್ಟೆ ಒಗೆಯುವ ಯಂತ್ರದ ಮೇಲೆ ಒಂಬತ್ತು, ಮಿಕ್ಕವು ಅವನು ಬೂಟು ಕಳಚಲು ಕೂರುತ್ತಿದ್ದ ಬೆಂಚಿನ ಮೇಲೆ, ಯಾರನ್ನೋ ಕಾಯುತ್ತಾ ಸಾಲಾಗಿ ಕೂತ ನೆಂಟರ ಹಾಗೆ.

ಬ್ರಷ್ ಫೋರ್ಕ್ ಊರಿನಲ್ಲಿ ಸಾವಾದ ಮನೆಯವರು ಒಲೆ ಹಚ್ಚುವಂತಿಲ್ಲ; ಊರು ಹಚ್ಚಗೊಡುವುದಿಲ್ಲ. ಕೋಳಿ ನೂಡಲ್ಸು, ಚೀಸ್ ಸುರಿದು ಬೇಯಿಸಿದ ಆಲೂಗಡ್ಡೆ, ಹಂದಿಮಾಂಸದ ಚೂರು ಹಾಕಿದ ಬೀನ್ಸು, ಜೋಳದ ಬ್ರೆಡ್ಡು, ಎಲ್ಲವೂ ಗಾಜಿನ ಪಾತ್ರೆಗಳಲ್ಲಿ ಬಿಸಿಬಿಸಿಯಾಗಿ ಬರುತ್ತವೆ. ಪಾತ್ರೆಯ ತಳಕ್ಕೆ ಒಂದು ತುಂಡು ಟೇಪು, ಅದರ ಮೇಲೆ ಪೆನ್ನಿನಲ್ಲಿ ಬರೆದ ಹೆಸರು. ಎರಡು ವಾರದೊಳಗೆ ಸಾವಾದ ಮನೆಯವರು ಆ ಹೆಸರು ಹಿಡಿದು ಮನೆಮನೆಗೆ ಹೋಗಿ ಪಾತ್ರೆ ಮರಳಿಸಬೇಕು, ಒಂದು ಲೋಟ ಕಾಫಿ ಕುಡಿಯಬೇಕು, ಸತ್ತವರ ಬಗ್ಗೆ ತಮಗೆ ಗೊತ್ತಿರದ ಒಂದು ಮಾತನ್ನಾದರೂ ಕೇಳಿಕೊಂಡು ಬರಬೇಕು. ಯಾರೂ ಬರೆದಿಟ್ಟ ನಿಯಮವಲ್ಲ. ಆದರೆ ಪಾತ್ರೆ ಮರಳಿಸದ ಮನೆಯವರ ಬಗ್ಗೆ ಊರು ಮೂರು ತಲೆಮಾರು ಆಡಿಕೊಳ್ಳುತ್ತದೆ.

ನಲವತ್ತೆರಡು ಪಾತ್ರೆಗಳಿಗೆ ಹೆಸರಿತ್ತು. ಒಂದಕ್ಕೆ ಇರಲಿಲ್ಲ.

“ಇದು ನಮ್ಮೂರಿನವರದ್ದಲ್ಲ ಕಣೇ,” ಎನ್ನುತ್ತಾ ಗ್ಲೆನ್ನಾ ನೀಲಿ ಪಾತ್ರೆಯೊಂದನ್ನು ಮಗುಚಿ ನೋಡಿದಳು. ಗ್ಲೆನ್ನಾ ಓರಿನ್‌ನ ಅಕ್ಕ, ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದವಳು; ಊರಿನ ಅರ್ಧ ಜನರ ಮೂಗು ಒರೆಸಿದ್ದಳು, ಇನ್ನರ್ಧ ಜನರ ಕಿವಿ ಹಿಂಡಿದ್ದಳು. “ಹಿತ್ತಿಲ ಬಾಗಿಲ ಹತ್ರ ಇಟ್ಟು ಓಡಿಹೋಗಿದಾರೆ. ಕುರಿಮಾಂಸ, ಮೇಲೆ ಆಲೂಗಡ್ಡೆ, ಮಧ್ಯೆ ಒಣದ್ರಾಕ್ಷಿ. ಸಾವಿನ ಮನೆಗೆ ಒಣದ್ರಾಕ್ಷಿ ಹಾಕಿ ಕಳಿಸೋರು ಯಾರಿದಾರೆ ಇಲ್ಲಿ?”

“ನೀನೇ ಎರಡು ಸಲ ಬಡಿಸಿಕೊಂಡೆಯಲ್ಲ,” ಎಂದಳು ಓರಿನ್‌ನ ಹೆಂಡತಿ ನೆಲ್ಡಾ.

“ಹಾಳಾಗಬಾರದು ಅಂತ.”

ನೆಲ್ಡಾ ನಗಲಿಲ್ಲ. ಅವಳ ಕೈಯಲ್ಲಿ ಕಾಲೇಜಿನ ಮುದ್ರೆಯಿದ್ದ ಕಾಗದವಿತ್ತು. ಮೂರನೆಯ ಸಲ ಓದುತ್ತಿದ್ದಳು. ಪೆಂಬ್ರಿ ಕಾಲೇಜು ತನ್ನ ಕ್ಯಾಂಪಸ್ ಕಾವಲಿಗಿದ್ದ ಪೊಲೀಸ್ ಅಧಿಕಾರಿ ಓರಿನ್ ಟ್ಯಾಕೆಟ್‌ಗೆ ಎಂದೆಂದಿಗೂ ಋಣಿ. ಅವರ ಗೌರವಕ್ಕಾಗಿ ಗ್ರಂಥಾಲಯದ ಮೂಡಣ ಬಾಗಿಲನ್ನು ಶಾಶ್ವತವಾಗಿ ಮುಚ್ಚಿ, ಇಟ್ಟಿಗೆಯ ಗೋಡೆ ಕಟ್ಟಿ, ಅದರ ಮೇಲೆ ಕಂಚಿನ ಫಲಕ ಕೂರಿಸಲಾಗುವುದು. ಕೆಲಸ ಸೋಮವಾರ ಬೆಳಿಗ್ಗೆ ಏಳಕ್ಕೆ ಶುರು.

“ಒಳ್ಳೇ ಮನಸ್ಸಿಂದಲೇ ಮಾಡ್ತಿರಬೇಕು,” ಎಂದಳು ಗ್ಲೆನ್ನಾ, ಕೈ ಒರೆಸಿಕೊಳ್ಳುತ್ತಾ.

“ಅವನು ಆ ಬಾಗಿಲನ್ನ ಮುಚ್ಚಿದ್ದು ಒಂದೇ ಒಂದು ಸಲ, ಗ್ಲೆನ್ನಾ. ತೆಗೆದಿದ್ದು ಇಪ್ಪತ್ತೆರಡು ವರ್ಷ.”

ಗ್ಲೆನ್ನಾ ನೀಲಿ ಪಾತ್ರೆಯನ್ನು ಬೆಂಚಿನ ಮೇಲಿಟ್ಟಳು.

ಗ್ರಂಥಾಲಯ ತೆರೆಯುವುದು ಎಂಟಕ್ಕೆ. ಆದರೆ ಹೊಳೆಯಾಚೆಯಿಂದ ಬರುವ ಬಸ್ಸು ಹುಡುಗ ಹುಡುಗಿಯರನ್ನು ಆರೂವರೆಗೇ ಇಳಿಸಿ ಹೋಗುತ್ತದೆ. ಓರಿನ್ ಕೆಲಸಕ್ಕೆ ಸೇರಿದ ಮೊದಲನೆಯ ಚಳಿಗಾಲದಲ್ಲಿ ಹುಡುಗಿಯೊಬ್ಬಳು ಕೈಗವಸು ಹಾಕಿಕೊಂಡೇ ದೀಪದ ಕಂಬದ ಕೆಳಗೆ ಪುಟ ತಿರುವಲು ಒದ್ದಾಡುತ್ತಿದ್ದುದನ್ನು ಕಂಡ. ಮಾರನೆಯ ದಿನದಿಂದ ಆರೂಮುಕ್ಕಾಲಿಗೆ ಮೂಡಣ ಬಾಗಿಲು ತೆರೆಯತೊಡಗಿತು. ಅವನು ಯಾರನ್ನೂ ಕೇಳಲಿಲ್ಲ, ಯಾರೂ ಬೇಡವೆನ್ನಲಿಲ್ಲ. ಹಳೆಯ ಓಕ್ ಮರದ ಬಾಗಿಲು, ತೇವಕ್ಕೆ ಉಬ್ಬಿಕೊಂಡಿತ್ತು; ಬೀಗ ತಿರುವಿ ಮೊಣಕಾಲಿನಿಂದ ಕೆಳಗೊಂದು ಗುದ್ದು ಕೊಟ್ಟರೇ ಒಲಿಯುತ್ತಿದ್ದುದು. ಕತ್ತಲಲ್ಲೂ ಕೈಗೆ ಸಿಗಲೆಂದು ಅದರ ಬೀಗದಕೈಗೆ ನೆಲ್ಡಾ ಹಸಿರು ಉಣ್ಣೆಯ ದಾರ ಸುತ್ತಿಕೊಟ್ಟಿದ್ದಳು. “ಚಳಿ ಒಳಗೆ ನುಗ್ಗೋಕೆ ಮುಂಚೆ ನೀವು ನುಗ್ಗಿ,” ಎನ್ನುತ್ತಿದ್ದ ಓರಿನ್, ದಿನಾ ಅದೇ ಮಾತು, ದಿನಾ ಹೊಸದಾಗಿ ಹೊಳೆದಂತೆ. ಅಜ್ಜಿಯರು ಹೇಳುವ ಕಥೆಗಳಲ್ಲಿ ಏಳು ಬಾಗಿಲು ದಾಟಿ ಹೋದವನು ವೀರ. ಒಂದೇ ಬಾಗಿಲನ್ನು ದಿನಾ ಬೆಳಿಗ್ಗೆ ಬೇರೆಯವರಿಗಾಗಿ ತೆಗೆದವನನ್ನು ಏನೆಂದು ಕರೆಯುತ್ತಾರೋ ನೆಲ್ಡಾಗೆ ಗೊತ್ತಿರಲಿಲ್ಲ.

ಅವನು ಸತ್ತ ದಿನ ಮಾತ್ರ ಬಾಗಿಲು ತೆಗೆದ ಗಳಿಗೆಯಲ್ಲೇ ಕಾರು ನಿಲ್ಲುವ ಕಡೆಯಿಂದ ಒಬ್ಬ ಬಂದೂಕು ಹಿಡಿದು ಬಂದ. ಓರಿನ್ ಹನ್ನೆರಡು ಮಕ್ಕಳನ್ನು ಒಳಗೆ ತಳ್ಳಿ, ಹೊರಗಿನಿಂದ ಬಾಗಿಲೆಳೆದು, ಬೀಗ ಹಾಕಿ, ಅದಕ್ಕೆ ಬೆನ್ನು ಕೊಟ್ಟು ನಿಂತ. ಬಂದವನು ಈಗ ಜೈಲಿನಲ್ಲಿದ್ದಾನೆ. ಅವನ ಹೆಸರು ಈ ಮನೆಯಲ್ಲಿ ಯಾರ ಬಾಯಲ್ಲೂ ಬರುವಂತಿಲ್ಲ. ಪಾದ್ರಿಯ ಬಾಯಲ್ಲಿ ಒಮ್ಮೆ ಬಂದಾಗ ನೆಲ್ಡಾ ಎದ್ದು ಹೋಗಿ ಅವರ ಕೈಯಲ್ಲಿದ್ದ ಕಾಫಿ ಲೋಟವನ್ನೇ ಕಸಿದುಕೊಂಡಿದ್ದಳು.

ಕಾಲೇಜಿನ ಒಳಾಂಗಣ ಕ್ರೀಡಾಂಗಣದಲ್ಲಿ ನಡೆದ ಶ್ರದ್ಧಾಂಜಲಿ ಸಭೆಯನ್ನು ಅವಳು ಸಹಿಸಿದ್ದಳು. ಎರಡು ಸಾವಿರ ಜನ, ಬ್ಯಾಗ್‌ಪೈಪು ವಾದ್ಯ, ಮಡಿಸಿ ಕೈಗಿತ್ತ ಬಾವುಟ, ಆರು ಭಾಷಣ. ಎಲ್ಲಕ್ಕೂ ತಲೆಬಾಗಿಸಿದ್ದಳು. ಆದರೆ ಈ ಗೋಡೆಗೆ ತಲೆಬಾಗಲು ಅವಳ ಕುತ್ತಿಗೆ ಒಪ್ಪಲಿಲ್ಲ.

ಶುಕ್ರವಾರ ಕಾಲೇಜಿಗೇ ಹೋದಳು. ಉಪಾಧ್ಯಕ್ಷ ಡಾಕ್ಟರ್ ಪ್ರೌಟಿ ಎದ್ದು ನಿಂತು ಕುರ್ಚಿ ಎಳೆದುಕೊಟ್ಟರು. ದೂರದ ನಗರದಿಂದ ಬಂದು ಆರು ತಿಂಗಳಾಗಿತ್ತಷ್ಟೇ. ಮಾತು ಮೃದು, ಬೂಟು ಇನ್ನೂ ಹೊಸದು.

“ಮಿಸೆಸ್ ಟ್ಯಾಕೆಟ್, ನಿಮ್ಮ ದುಃಖದಲ್ಲಿ ಇಡೀ ಕಾಲೇಜು ಭಾಗಿಯಾಗಿದೆ.”

“ದುಃಖ ನನಗೇ ಇರಲಿ ಸರ್. ಬಾಗಿಲು ಕೊಡಿ ಸಾಕು. ದಿನಾ ಆರೂಮುಕ್ಕಾಲಿಗೆ ತೆಗೀಬೇಕು, ಅವನು ತೆಗೀತಿದ್ದ ಹಾಗೆ.”

“ಸುರಕ್ಷತಾ ಸಮಿತಿ ತೀರ್ಮಾನ ಮಾಡಿದೆ. ಇನ್ಮೇಲೆ ಒಂದೇ ದಾರಿ, ಮುಂದಿನದು, ಎಂಟು ಗಂಟೆಗೆ.” ಅವರು ಮೇಜಿನ ಮೇಲಿದ್ದ ಪೆನ್ನನ್ನು ಅತ್ತಿತ್ತ ಸರಿಸಿದರು. “ಆ ಜಾಗ ನೋಡಿದ್ರೆ ಎಲ್ಲರಿಗೂ ಸಂಕಟ ಆಗುತ್ತೆ. ನಿಮಗೂ ಆಗುತ್ತೆ ಅಂದ್ಕೊಂಡೆ.”

“ಆಗುತ್ತೆ. ಸಂಕಟ ಆಗುತ್ತೆ ಅಂತ ಅವನೇನು ಆ ದಿನ ಬೇರೆ ದಾರಿ ಹಿಡೀಲಿಲ್ಲ.”

ಅವರು ತಲೆತಗ್ಗಿಸಿದರು. ಆದರೆ ಆದೇಶ ಹಿಂತೆಗೆಯಲಿಲ್ಲ.

ನೆಲ್ಡಾ ಮನೆಗೆ ಬಂದು ಕೋಟು ಬಿಚ್ಚದೆ ಪಾತ್ರೆಗಳ ಮುಂದೆ ತುಂಬ ಹೊತ್ತು ನಿಂತಳು. ಆಮೇಲೆ ಫೋನು ಎತ್ತಿಕೊಂಡು, ಪಾತ್ರೆಗಳನ್ನು ಒಂದೊಂದಾಗಿ ಮಗುಚಿ ಹೆಸರು ಓದತೊಡಗಿದಳು.

“ನಿಮ್ಮ ಪಾತ್ರೆ ತೊಳೆದಿಟ್ಟಿದೀನಿ. ಬೇಕಾದ್ರೆ ಸೋಮವಾರ ಬೆಳಿಗ್ಗೆ ಆರೂಮುಕ್ಕಾಲಿಗೆ ಲೈಬ್ರರಿಯ ಮೂಡಣ ಬಾಗಿಲಿಗೆ ಬಂದು ತಗೊಂಡು ಹೋಗಿ.”

ಆ ಕಡೆಯಿಂದ ಎಲ್ಲರದ್ದೂ ಒಂದೇ ದಿಗಿಲು. “ಅಯ್ಯೋ, ನೀನೇ ಅಲ್ವೇನೇ ಮನೆಗೆ ಬರಬೇಕಾದ್ದು? ಕಾಫಿ?”

“ಕಾಫಿ ಫ್ಲಾಸ್ಕಲ್ಲಿ ಹಾಕ್ಕೊಂಡು ಬನ್ನಿ.”

“ಆ ಜಾಗಕ್ಕೆ ಈಗ ಯಾರೂ ಕಾಲಿಡ್ತಿಲ್ಲವಲ್ಲ, ನೆಲ್ಡಾ.”

“ಅದಕ್ಕೇ.”

ಗ್ಲೆನ್ನಾ ಮೊದಲು ಬಾಯಿಗೆ ಸೆರಗಿನಂತೆ ಟವೆಲ್ಲು ಹಿಡಿದು ನಿಂತಿದ್ದಳು. ಹತ್ತನೆಯ ಫೋನಿನ ಹೊತ್ತಿಗೆ ಫೋನನ್ನು ತಾನೇ ಕಸಿದುಕೊಂಡಳು. “ನೋಡು ಮಾರ್ವಿನ್, ನೀನು ಎರಡನೇ ಕ್ಲಾಸಲ್ಲಿ ನನ್ನ ಬಸ್ಸಿನಲ್ಲಿ ವಾಂತಿ ಮಾಡಿದ್ದನ್ನ ನಾನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಸೋಮವಾರ ಬಾ.”

ಸೋಮವಾರ ಆಕಾಶ ಇನ್ನೂ ಬೂದಿ ಬಣ್ಣದಲ್ಲಿದ್ದಾಗಲೇ ಇಬ್ಬರೂ ಬಸ್ಸಿನ ಸೀಟಿನ ಹಾಗೆ ಸಾಲುಸಾಲಾಗಿ ಪಾತ್ರೆಗಳನ್ನು ಮೆಟ್ಟಿಲ ಮೇಲೆ ಜೋಡಿಸಿದರು. ಬಾಗಿಲಿಗೆ ಅಡ್ಡ ಹಳದಿ ಪಟ್ಟಿ, ಅದರ ಕೆಳಗೆ ಪ್ಲಾಸ್ಟಿಕ್ಕಿನಲ್ಲೇ ಬಾಡಿದ ಹೂವಿನ ಗೊಂಚಲುಗಳು. ನೆಲ್ಡಾ ಹೂಗಳನ್ನು ಪಕ್ಕಕ್ಕೆ ಸರಿಸಿ, ಪಟ್ಟಿಯನ್ನು ಕಿತ್ತು ಸುರುಳಿ ಸುತ್ತಿ ಜೇಬಿಗೆ ಹಾಕಿಕೊಂಡಳು.

ಜನ ಬಂದರು. ಮೊದಲು ಮೂವರು, ಆಮೇಲೆ ಹತ್ತು, ಆಮೇಲೆ ಎಣಿಕೆ ತಪ್ಪಿತು. ತಮ್ಮ ತಮ್ಮ ಪಾತ್ರೆ ಎತ್ತಿಕೊಂಡರು, ಫ್ಲಾಸ್ಕಿನ ಕಾಫಿ ಸುರಿದುಕೊಟ್ಟರು, ಓರಿನ್ ಬಗ್ಗೆ ಒಂದೊಂದು ಮಾತು ಹೇಳಿದರು. ಒಬ್ಬಳ ಕಾರು ಹಿಮದಲ್ಲಿ ಸಿಕ್ಕಿಕೊಂಡಾಗ ಅವನು ತಳ್ಳಿ ತಾನೇ ಮಕಾಡೆ ಬಿದ್ದನಂತೆ. ಅಡುಗೆಮನೆಯ ಹೆಂಗಸೊಬ್ಬಳ ಮಗನಿಗೆ ಟೈ ಕಟ್ಟಲು ಕಲಿಸಿದನಂತೆ, ಅದೂ ತಪ್ಪಾಗಿ. ಹೇಳಿದ ಮೇಲೆ ಒಬ್ಬರೂ ಹೊರಡಲಿಲ್ಲ. ಪಾತ್ರೆಯನ್ನು ಎದೆಗೆ ಅವಚಿಕೊಂಡು ಹುಲ್ಲಿನ ಮೇಲೆ ನಿಂತೇ ಇದ್ದರು.

ಬಸ್ಸಿನಿಂದಿಳಿದ ಹನ್ನೆರಡು ಮಕ್ಕಳು ಒತ್ತಾಗಿ ಬಂದರು. ಅವರದ್ದು ಹೊಳೆಯಾಚೆಯ ಹಾಸ್ಟೆಲಿನಲ್ಲಿ ಪಾಪ್‌ಕಾರ್ನ್ ಹುರಿಯುವ ಪಾತ್ರೆ. ತಳದ ಟೇಪಿನ ಮೇಲೆ ಹನ್ನೆರಡು ಹೆಸರು ಇರುವೆಸಾಲಿನಂತೆ ತುಂಬಿದ್ದವು. ಇಮಾನಿ ಎಂಬ ಹುಡುಗಿ ಅದನ್ನು ತೆಗೆದುಕೊಂಡಳು, ಆದರೆ ಬಾಗಿಲ ಕಡೆ ನೋಡಲಿಲ್ಲ.

“ಮಿಸ್ ನೆಲ್ಡಾ, ನಾವೂ ಒಂದು ಮಾತು ಹೇಳಬೇಕಂತೆ.”

“ಹೇಳು ಮಗಾ.”

“ಬಾಗಿಲು ಎಳೆಯೋವಾಗ ಅವರು ನಮಗೊಂದು ಮಾತು ಹೇಳಿದ್ರು. ಪೊಲೀಸರಿಗೆ ಹೇಳಿದ್ದೀವಿ. ನಿಮಗೆ ಹೇಳೋಕೆ ಆಗಿರಲಿಲ್ಲ.” ಹುಡುಗಿ ಪಾತ್ರೆಯ ಹಿಡಿಯನ್ನು ತಿರುಚಿದಳು. “‘ಇಲ್ಲೇ ಇರಿ. ಇನ್ನೊಂದು ಗಳಿಗೆಗೆ ನಾನೇ ಬಂದು ತೆಗೀತೀನಿ’ ಅಂದ್ರು.”

ನೆಲ್ಡಾ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಸ್ವಲ್ಪ ಹೊತ್ತು ಕೂತಿದ್ದು, ಮೊಣಕಾಲಿಗೆ ಕೈಯೂರಿ ಎದ್ದಳು.

ಏಳಕ್ಕೆ ಐದು ನಿಮಿಷವಿದ್ದಾಗ ಹೋಬರ್ಟ್ ಕ್ರಿಸ್ಪ್ ಇಟ್ಟಿಗೆ ತುಂಬಿದ ತಳ್ಳುಗಾಡಿ ತಳ್ಳಿಕೊಂಡು ಬಂದ. ಊರಿನ ಗಾರೆಯವನು. ಅವನ ಹಿಂದೆ ಡಾಕ್ಟರ್ ಪ್ರೌಟಿ, ಕೈಯಲ್ಲಿ ಬೀಗದಕೈ ಗೊಂಚಲು. ಗೋಡೆ ಕಟ್ಟುವ ಮುಂಚೆ ಬಾಗಿಲಿನ ಬೀಗ ಕಳಚಬೇಕಿತ್ತು. ಗೊಂಚಲಿನಲ್ಲಿ ಹಸಿರು ಉಣ್ಣೆಯ ದಾರ ಕಂಡಿತು.

“ಮಿಸೆಸ್ ಟ್ಯಾಕೆಟ್,” ಎಂದರು ಪ್ರೌಟಿ ಜನವನ್ನು ನೋಡುತ್ತಾ, “ಇಲ್ಲಿ ಸೇರೋಕೆ ಅನುಮತಿ ಇಲ್ಲ.”

“ಯಾರೂ ಸೇರಿಲ್ಲ ಸರ್. ಪಾತ್ರೆ ತಗೊಂಡು ಹೋಗೋಕೆ ಬಂದಿದಾರೆ.”

“ತಗೊಂಡಾಯ್ತಲ್ಲ. ಹೋಬರ್ಟ್, ಕೆಲಸ ಶುರು ಮಾಡಪ್ಪ.”

ಹೋಬರ್ಟ್ ತಳ್ಳುಗಾಡಿ ಇಳಿಸಿ ಟೋಪಿ ತೆಗೆದ. “ಸರ್, ನಮ್ಮನೆಯವಳ ಪಾತ್ರೆ ಅಲ್ಲಿ ಮೇಲಿನ ಮೆಟ್ಟಿಲಲ್ಲಿದೆ. ಅದಿಲ್ಲದೆ ಮನೆಗೆ ಬಂದ್ರೆ ಬಾಗಿಲು ತೆಗೆಯಲ್ಲ ಅಂದಿದಾಳೆ. ಪಾತ್ರೆ ತಗೊಂಡ್ರೆ ಓರಿನ್ ಬಗ್ಗೆ ಒಂದು ಮಾತು ಹೇಳಬೇಕು. ಅವನ ಬಗ್ಗೆ ಮಾತಾಡಿ ಅವನ ಬಾಗಿಲಿಗೇ ಇಟ್ಟಿಗೆ ಇಡೋದು ನನ್ನ ಕೈಲಿ ಆಗಲ್ಲ. ನೀವೇ ಇಡೋದಾದ್ರೆ ಕರಣೆ ಇಲ್ಲಿದೆ.”

ಯಾರೋ ಕೆಮ್ಮಿದರು. ಯಾರೂ ನಗಲಿಲ್ಲ.

ನೆಲ್ಡಾ ಆ ಪಾತ್ರೆಯನ್ನು ಹೋಬರ್ಟ್‌ನ ಕೈಗೆ ಕೊಟ್ಟು, ಕೊನೆಯದಾಗಿ ಉಳಿದಿದ್ದ ನೀಲಿ ಪಾತ್ರೆಯನ್ನು ಎತ್ತಿ ಹಿಡಿದಳು. “ಒಂದು ಮಿಕ್ಕಿದೆ. ತಳದಲ್ಲಿ ಹೆಸರಿಲ್ಲ. ಯಾರದ್ದು ಇದು?”

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ನನ್ನದು,” ಎಂದರು ಡಾಕ್ಟರ್ ಪ್ರೌಟಿ.

ಗ್ಲೆನ್ನಾಳ ಬಾಯಿ ತೆರೆದೇ ಉಳಿಯಿತು. “ಒಣದ್ರಾಕ್ಷಿ?”

“ನಮ್ಮಮ್ಮ ಹಾಕ್ತಿದ್ರು.” ಅವರ ಕಿವಿ ಕೆಂಪಾಗಿತ್ತು. “ತಳದಲ್ಲಿ ಹೆಸರು ಬರೀಬೇಕು ಅಂತ ಯಾರೂ ಹೇಳಿರಲಿಲ್ಲ.”

ನೆಲ್ಡಾ ಅವರ ಎದುರಿಗೆ ಇಳಿದು ಬಂದಳು. “ಅಡುಗೆ ಚೆನ್ನಾಗಿತ್ತು. ನಮ್ಮ ಗ್ಲೆನ್ನಾ ಎರಡು ಸಲ ಬಡಿಸ್ಕೊಂಡ್ಳು. ಆದ್ರೆ ಹಿತ್ತಿಲಲ್ಲಿಟ್ಟು ಯಾಕೆ ಹೋದ್ರಿ? ಬಾಗಿಲು ಯಾಕೆ ತಟ್ಟಲಿಲ್ಲ?”

ಪ್ರೌಟಿ ತಮ್ಮ ಬೂಟು ನೋಡಿಕೊಂಡರು. “ನಿಮ್ಮ ಮುಖ ನೋಡೋಕೆ ಧೈರ್ಯ ಬರಲಿಲ್ಲ.”

“ಮತ್ತೆ ಈ ಗೋಡೆ ಕಟ್ತಿರೋದೂ ಅದಕ್ಕೇ ತಾನೇ?”

ಪ್ರೌಟಿ ಇಟ್ಟಿಗೆಯ ತಳ್ಳುಗಾಡಿಯ ಕಡೆ ನೋಡಿದರು.

“ಭಯ ಎಲ್ಲರಿಗೂ ಇದೆ ಸರ್. ಈ ಮಕ್ಕಳಿಗಿದೆ, ನನಗಿದೆ. ಅವನಿಗೂ ಇತ್ತು, ನಾನು ಅವನ ಹೆಂಡ್ತಿ, ನನಗೆ ಗೊತ್ತು. ಈ ಬಾಗಿಲಿಗೆ ಇಟ್ಟಿಗೆ ಹಾಕಿದ್ರೆ ಅದು ಅವನ ಸಮಾಧಿ ಆಗಲ್ಲ. ಬಂದೂಕು ಹಿಡ್ಕೊಂಡು ಬಂದೋನ ಗೆಲುವು ಆಗುತ್ತೆ. ಅಂಥವನಿಗೆ ನಾನು ಒಂದು ಇಟ್ಟಿಗೇನೂ ಬಿಟ್ಟುಕೊಡಲ್ಲ. ಗೋಡೆ ಕಟ್ಟೋದಾದ್ರೆ ನನ್ನನ್ನೂ ಸೇರಿಸಿ ಕಟ್ಟಿ, ನಾನು ಈ ಮೆಟ್ಟಿಲು ಬಿಟ್ಟು ಕದಲಲ್ಲ.”

ಹುಲ್ಲಿನ ಮೇಲೆ ನಿಂತವರ ಕೈಯಲ್ಲಿ ಪಾತ್ರೆಗಳು ಅಲುಗಾಡಿದವು. ಜನ ಒಂದು ಹೆಜ್ಜೆ ಮುಂದೆ ಬಂದಿದ್ದರು, ಅಷ್ಟೇ.

ಪ್ರೌಟಿ ಗೊಂಚಲನ್ನು ನೋಡಿದರು. ಹಸಿರು ದಾರದ ಮೇಲೆ ಹೆಬ್ಬೆರಳು ಆಡಿಸಿದರು. “ಸಮಿತಿಗೆ ನಾನೇ ಉತ್ತರ ಹೇಳಬೇಕಾಗುತ್ತೆ,” ಎಂದರು, ಯಾರಿಗೆಂದು ತಿಳಿಯದಂತೆ. ಆಮೇಲೆ ಗೊಂಚಲನ್ನು ಅವಳ ಕೈಗೆ ಕೊಟ್ಟು, ನೀಲಿ ಪಾತ್ರೆಯನ್ನು ಇಸಿದುಕೊಂಡರು.

ಬೀಗ ತಿರುಗಿತು. ಬಾಗಿಲು ಜಗ್ಗಲಿಲ್ಲ. ನೆಲ್ಡಾ ಓರಿನ್ ಹೇಳಿದ್ದನ್ನು ಎಷ್ಟೋ ಸಲ ಕೇಳಿದ್ದಳು, ಮಾಡಿ ನೋಡಿರಲಿಲ್ಲ. ಲಂಗವನ್ನು ತುಸು ಎತ್ತಿ ಹಿಡಿದು ಮೊಣಕಾಲಿನಿಂದ ಕೆಳಗೊಂದು ಗುದ್ದು ಕೊಟ್ಟಳು. ಎರಡು ವಾರ ಮುಚ್ಚಿದ್ದ ಓಕ್ ಮರ ಗೊರಕೆ ಮುರಿದು ಎದ್ದ ಮುದುಕನಂತೆ ನರಳಿ ಒಳಕ್ಕೆ ಸರಿಯಿತು. ಅದೇ ಹೊತ್ತಿಗೆ ಹೊಳೆಯಾಚೆಯಿಂದ ಬಿಸಿಲು ಮೇಲೆದ್ದು ಎಲ್ಲರ ಬೆನ್ನು ಸವರಿ, ಎಲ್ಲರಿಗಿಂತ ಮುಂಚೆ ಒಳಗೆ ಹೋಯಿತು.

ಮಕ್ಕಳು ಹೊಸ್ತಿಲಲ್ಲಿ ನಿಂತುಬಿಟ್ಟರು.

“ಏನು ನೋಡ್ತಾ ನಿಂತಿದೀರಿ,” ಎಂದಳು ನೆಲ್ಡಾ. ಮಾತು ಕೊನೆಯ ಸಾಲಿನವರಿಗೂ ಕೇಳಿಸಿತು. “ಚಳಿ ಒಳಗೆ ನುಗ್ಗೋಕೆ ಮುಂಚೆ ನೀವು ನುಗ್ಗಿ.”

ಇಮಾನಿ ಪಾಪ್‌ಕಾರ್ನ್ ಪಾತ್ರೆಯನ್ನು ಗುರಾಣಿಯಂತೆ ಮುಂದೆ ಹಿಡಿದು ಹೊಸ್ತಿಲು ದಾಟಿದಳು. ಅವಳ ಹಿಂದೆ ಹನ್ನೊಂದು ಜನ. ಅವರ ಹಿಂದೆ ಊರು.

ಗ್ಲೆನ್ನಾ ಕೋಟಿನ ಜೇಬಿನಿಂದ ಟೇಪು ತೆಗೆದು ಡಾಕ್ಟರ್ ಪ್ರೌಟಿಯ ಮುಂದೆ ನಿಂತಳು. “ಆ ಪಾತ್ರೆ ಇತ್ಲಾಗೆ ಕೊಡಿ. ಮುಂದಿನ ಸಲಕ್ಕೆ ಹೆಸರು ಇರಲಿ. ಮತ್ತೆ, ನೀವಿನ್ನೂ ಓರಿನ್ ಬಗ್ಗೆ ಒಂದು ಮಾತೂ ಹೇಳಿಲ್ಲ.”

ಬಾಗಿಲು ಗಾಳಿಗೆ ಮುಚ್ಚಿಕೊಳ್ಳಲು ನೋಡಿತು. ಹೋಬರ್ಟ್ ತಳ್ಳುಗಾಡಿಯಿಂದ ಒಂದು ಇಟ್ಟಿಗೆ ಆರಿಸಿ, ತಿರುಗಿಸಿ ಮುರುಗಿಸಿ ನೋಡಿ, ತೆರೆದ ಬಾಗಿಲಿನ ಬುಡಕ್ಕೆ ಒತ್ತಿ ಇಟ್ಟ. ಮಿಕ್ಕ ಇಟ್ಟಿಗೆಗಳನ್ನು ವಾಪಸ್ ತಳ್ಳಿಕೊಂಡು ಹೋದ.