ಜ್ವರವೇ ಬಾರದವಳ ರಕ್ತ

ಆ ಬೆಳಗ್ಗೆ ಕವಿದ ಮಂಜು ಆಸ್ಪತ್ರೆಯ ಅಂಗಳ ಬಿಟ್ಟು ಮೇಲೇಳಲೇ ಇಲ್ಲ. ಒಗೆಯುವ ಕೋಣೆಯಿಂದ ಹೊರಟ ಹಬೆ ಎಲ್ಲಿ ಮುಗಿಯಿತು, ಮಂಜು ಎಲ್ಲಿ ಶುರುವಾಯಿತು ಎಂಬುದು ದೇವರಿಗೇ ಗೊತ್ತು.

ಅಲ್ಲಿ ಹೊದಿಕೆ ಒಗೆಯುವ ಹೆಂಗಸಿಗೆ, ಊರಿಗೆ ಊರೇ ಸೋಂಕಿನಲ್ಲಿ ಮಲಗಿದಾಗಲೂ ಒಂದು ಸೀನೂ ಬಂದಿರಲಿಲ್ಲ. ಜೊತೆಯವರು ಅವಳನ್ನು ಕಲ್ಲಕ್ಕ ಎನ್ನುತ್ತಿದ್ದರು. ದಿನವಿಡೀ ಸೋಪಿನಲ್ಲೂ ಬಿಸಿನೀರಿನಲ್ಲೂ ಕೈಯಾಡಿಸುವವಳಿಗೆ ರೋಗ ಎಲ್ಲಿಂದ ತಗುಲೀತು ಎಂದು ಅವಳೂ ನಂಬಿದ್ದಳು.

ತಗುಲಿದ್ದು ಬಸ್ ಕಂಡಕ್ಟರನಾಗಿದ್ದ ಅವಳ ತಮ್ಮನಿಗೆ. ಅವನಿಗೆ ಜ್ವರ ಬಂದ ಮೂರನೇ ದಿನ ಅಮ್ಮನಿಗೂ ಬಂತು. ಹನ್ನೊಂದನೇ ದಿನ ಅಮ್ಮ ಹೋದಳು. "ಸಾವಿಗೂ ಟಿಕೆಟ್ ಹರಿದುಕೊಟ್ಟು ಮನೆಗೆ ಕರ್ಕೊಂಡ್ ಬಂದ್ಯಲ್ಲೋ" ಎಂದು ಕಲ್ಲಕ್ಕ ಬೀದಿಯವರೆದುರೇ ಅಂದಳು. ಅವನು ಬೇರೆ ಬಾಡಿಗೆ ಕೋಣೆ ಹಿಡಿದ. ಅದಾಗಿ ಐದು ತಿಂಗಳಾಗಿತ್ತು.

ಈಗ ಆಸ್ಪತ್ರೆಯವರು ಕೆಲಸದವರೆಲ್ಲರ ರಕ್ತ ಪರೀಕ್ಷೆ ಮಾಡಿಸಿದ್ದರು. ಲ್ಯಾಬಿನವನು ಕಿಟಕಿಯಲ್ಲೇ ಕಾಗದ ಆಡಿಸಿದ. "ಬನ್ನಿ ಕಲ್ಲಕ್ಕ, ನೀವು ಪಾಸು! ಆಂಟಿಬಾಡಿ ಇದೆ."

"ಹಾಗಂದ್ರೇನಪ್ಪ?"

"ಸೋಂಕು ಬಂದು ಹೋಗಿದೆ. ನಿಮ್ಮ ಮೈ ತಾನೇ ಗುದ್ದಾಡಿ ಗೆದ್ದಿದೆ. ಲಸಿಕೆ ಇನ್ನೂ ಬಂದಿಲ್ಲ, ಇದು ಬೇರೆಲ್ಲಿಂದ ಬರತ್ತೆ ಹೇಳಿ?"

"ನಂಗೆ ಕೆಮ್ಮೂ ಬಂದಿಲ್ವಲ್ಲ."

"ಕೆಲವರಿಗೆ ಹಾಗೇ. ಬಂದಿದ್ದೂ ತಿಳಿಯಲ್ಲ, ಹೋಗಿದ್ದೂ ತಿಳಿಯಲ್ಲ."

ಅವಳು ಕಿಟಕಿಯ ಸರಳು ಹಿಡಿದಳು. "ತಿಳೀದೇ ಇದ್ದವರಿಂದ ಇನ್ನೊಬ್ರಿಗೆ ಅಂಟತ್ತಾ?"

ಅವನ ನಗು ಇಳಿಯಿತು. "ಅಂಟಬಹುದು."

"ನಂಗೆ ಬಂದಿದ್ದು ಅಮ್ಮನಿಗಿಂತ ಮೊದಲಾ, ಆಮೇಲಾ?"

"ಅದನ್ನ ಈ ಪರೀಕ್ಷೆ ಹೇಳಲ್ಲ ಅಕ್ಕ."

ಒಗೆಯುವ ಕೋಣೆಯಲ್ಲಿ ಜೊತೆಯವಳು ಛೇಡಿಸಿದಳು. "ಪುಕ್ಕಟೆ ಕವಚ ಸಿಕ್ತಲ್ಲೇ! ಇನ್ಮೇಲೆ ಜ್ವರದ ವಾರ್ಡಿನ ಬಟ್ಟೆ ಗಂಟೆಲ್ಲ ನಿನ್ ತಲೆಗೇ."

ಅವಳಿಗೆ ನಗು ಬರಲಿಲ್ಲ. ವಯಸ್ಸಾದ ಅಮ್ಮನ ಕೈ ನಡುಗುತ್ತಿತ್ತು. ಜ್ವರಕ್ಕೆ ಮೊದಲೂ ಊಟ ಮಾಡಿಸುತ್ತಿದ್ದವಳು ಇವಳೇ. ಬಿಸಿ ಇದೆಯೆಂದು ಒಂದೊಂದು ತುತ್ತನ್ನೂ ಬಾಯಿಯ ಹತ್ತಿರ ತಂದು ಊದಿ ಊದಿ ಆರಿಸುತ್ತಿದ್ದಳು. ಅಮ್ಮ ಹಕ್ಕಿಮರಿಯಂತೆ ಕಾದು ಬಾಯಿ ತೆರೆಯುತ್ತಿದ್ದಳು.

ಒದ್ದೆ ಹೊದಿಕೆಗಳ ನಡುವೆ ನಿಂತು ಅವಳು ಕಣ್ಣು ಮುಚ್ಚಿದಳು. ದೇವರೇ, ನಾನಾಗಿರದೆ ಇರಲಿ, ಎಂದು ಬೇಡಹೊರಟಳು. ಹಾಗೆ ಬೇಡುವುದೆಂದರೆ ತಮ್ಮನೇ ಆಗಿರಲಿ ಎಂದು ಬೇಡಿದಂತೆ. ಪ್ರಾರ್ಥನೆ ಅರ್ಧಕ್ಕೇ ನಿಂತಿತು. ದೇವರು ಕೇಳಿಸಿಕೊಂಡದ್ದು ಆ ಅರ್ಧವನ್ನೋ, ನಿಂತ ಮೌನವನ್ನೋ, ನಾವು ಹೇಳಲಾರೆವು.

ಮಧ್ಯಾಹ್ನ ಬಿಡುವು ಕೇಳಿ ಬಸ್ ಡಿಪೋಗೆ ನಡೆದಳು. ತಮ್ಮ ಖಾಲಿ ಬಸ್ಸಿನ ಮೆಟ್ಟಿಲ ಮೇಲೆ ಕೂತಿದ್ದ. ಮೈ ಇಳಿದುಹೋಗಿತ್ತು.

"ಏನಕ್ಕ, ದಾರಿ ತಪ್ತಾ? ದೂರ ನಿಂತ್ಕೋ. ನಿಂಗೂ ಅಂಟಿಸಿಬಿಟ್ಟೇನು."

ಅವಳು ಕಾಗದ ಕೊಟ್ಟಳು. ಅವನು ಎರಡು ಸಲ ಓದಿದ.

"ಅಂದ್ರೆ, ಅಮ್ಮಂಗೆ ನಿನ್ನಿಂದ..."

"ಗೊತ್ತಿಲ್ಲ ಕಣೋ. ಸಾಯೋವರೆಗೂ ಗೊತ್ತಾಗಲ್ಲ. ನಿನ್ನಿಂದ ಅಂತ ಹೇಳೋಕೆ ಮಾತ್ರ ಇನ್ನು ನಂಗೆ ಬಾಯಿಲ್ಲ."

ಅವನು ತಲೆ ತಗ್ಗಿಸಿದ. ಕಾಗದ ಹಿಂದಕ್ಕೆ ಚಾಚಿದ. "ಇಟ್ಕೋ ಅಕ್ಕ. ನಿನ್ನ ಕೆಲಸಕ್ಕೆ ಬೇಕಾಗತ್ತೆ."

"ಆಸ್ಪತ್ರೇಲಿ ಇನ್ನೊಂದಿದೆ. ನಂಗೂ ಬಂದಿತ್ತು ಅಂತ ಬೀದಿಯವರಿಗೆ ಸಂಜೆ ನಾನೇ ಹೇಳ್ತೀನಿ, ಒಂದೊಂದು ಬಾಗಿಲಿಗೂ ಹೋಗಿ. ನಂಬದಿದ್ರೆ ನೀನು ಇದನ್ನ ತೋರ್ಸು."

ಅವಳು ಕಾಗದವನ್ನು ಮಡಿಸಿದಳು. ನೀರಿನಲ್ಲಿ ನೆನೆದು ಸುಕ್ಕಾದ ಬೆರಳುಗಳಿಂದ ಅದನ್ನು ಮತ್ತೆ ಅವನ ಅಂಗೈಯಲ್ಲಿಟ್ಟು ಮುಷ್ಟಿ ಮುಚ್ಚಿದಳು.